ಆ್ಯಪ್ ತೆಗೆದರೆ ಚಂದಾ ನಿಲ್ಲಲ್ಲ, ಮೊದಲು ರದ್ದು ಮಾಡಿ

ದುಡ್ಡು ಕಟ್ಟಿ ಬಳಸುವ ಆ್ಯಪ್ ಬೇಡ ಅನ್ನಿಸಿದರೆ ಅನ್‌ಇನ್‌ಸ್ಟಾಲ್ ಮಾಡುವ ಮೊದಲು ಸಬ್‌ಸ್ಕ್ರಿಪ್ಶನ್ ರದ್ದು ಮಾಡಿ. ಆಂಡ್ರಾಯ್ಡ್‌ನಲ್ಲಿ ಪ್ಲೇ ಸ್ಟೋರ್ ತೆರೆದು, ಬಲಗಡೆ ಮೇಲಿರುವ ನಿಮ್ಮ ಫೋಟೋ ಒತ್ತಿ, ಪೇಮೆಂಟ್ಸ್ ಅಂಡ್ ಸಬ್‌ಸ್ಕ್ರಿಪ್ಶನ್ಸ್‌ಗೆ ಹೋಗಿ. ಐಫೋನ್‌ನಲ್ಲಾದರೆ ಸೆಟ್ಟಿಂಗ್ಸ್, ಅದರಲ್ಲಿ ಎಲ್ಲಕ್ಕಿಂತ ಮೇಲಿರುವ ನಿಮ್ಮ ಹೆಸರು, ಆಮೇಲೆ ಸಬ್‌ಸ್ಕ್ರಿಪ್ಶನ್ಸ್. ಯಾಕೆ ಅಂದ್ರೆ ಚಂದಾ ಇರುವುದು ಫೋನಿನೊಳಗಿನ ಆ್ಯಪ್‌ನಲ್ಲಲ್ಲ, ನಿಮ್ಮ ಗೂಗಲ್ ಅಥವಾ ಆ್ಯಪಲ್ ಅಕೌಂಟ್‌ನಲ್ಲಿ, ಹಾಗಾಗಿ ಐಕಾನ್ ಅಳಿಸಿದರೂ ತಿಂಗಳು ತಿಂಗಳು ದುಡ್ಡು ಹೋಗ್ತಾನೇ ಇರುತ್ತೆ. ಆಂಡ್ರಾಯ್ಡ್ ಬಿಟ್ಟು ಐಫೋನ್ ತಗೊಂಡವರು ಇದನ್ನು ಜಾಸ್ತಿ ಗಮನಿಸಬೇಕು: ಹಳೇ ಫೋನಿನಲ್ಲಿ ಶುರು ಮಾಡಿದ ಚಂದಾ ಐಫೋನ್ ಪಟ್ಟಿಯಲ್ಲಿ ಕಾಣಿಸಲ್ಲ, ಬ್ರೌಸರ್‌ನಲ್ಲಿ ಗೂಗಲ್ ಪ್ಲೇ ತೆರೆದು ಹಳೇ ಜಿಮೇಲ್‌ನಿಂದ ಲಾಗಿನ್ ಆಗಿಯೇ ನಿಲ್ಲಿಸಬೇಕು. ಫ್ರೀ ಟ್ರಯಲ್ ಆದರೆ ಕೊನೇ ದಿನದವರೆಗೆ ಕಾಯಬೇಡಿ, ಆ್ಯಪಲ್‌ನಲ್ಲಿ ಟ್ರಯಲ್ ಮುಗಿಯುವ ಕನಿಷ್ಠ 24 ಗಂಟೆ ಮೊದಲೇ ರದ್ದು ಮಾಡಿರಬೇಕು. ಇನ್ನು, ಕಂಪನಿಯ ವೆಬ್‌ಸೈಟ್‌ನಲ್ಲಿ ನೇರವಾಗಿ ದುಡ್ಡು ಕಟ್ಟಿದ್ದರೆ ಈ ಎರಡೂ ದಾರಿ ಉಪಯೋಗಕ್ಕೆ ಬರಲ್ಲ. ಆಗ ಆ ವೆಬ್‌ಸೈಟ್‌ನಲ್ಲೇ ಲಾಗಿನ್ ಆಗಿ ರದ್ದು ಮಾಡಿ, ಜೊತೆಗೆ ನೀವು ಬಳಸುವ ಯುಪಿಐ ಆ್ಯಪ್‌ನಲ್ಲಿ ಆಟೋಪೇ (ತಾನಾಗೇ ದುಡ್ಡು ಕಟ್ ಆಗೋ ವ್ಯವಸ್ಥೆ) ಅಂತ ಇರುತ್ತಲ್ವಾ, ಅಲ್ಲೂ ಒಮ್ಮೆ ನೋಡಿ. ಮನೆಯಲ್ಲಿ ಅಪ್ಪ ಅಮ್ಮನ ಫೋನ್ ಕೈಗೆ ಸಿಕ್ಕಾಗ ಈ ಪಟ್ಟಿ ತೆರೆದು ನೋಡಿ. ಪಾಪ, ಅವರಿಗೆ ಗೊತ್ತಿಲ್ಲದೆ ಯಾವುದಾದರೂ ಓಡ್ತಾ ಇರಬಹುದು.