ಹುಲ್ಲು ಮುಟ್ಟದ ಕರುವಿಗೆ ಜಂತು ಎಲ್ಲಿಂದ ಬಂತು?

ನಮ್ಮದು ಧಾರವಾಡದ ಕಡೆಯ ಹಳ್ಳಿ. ಮನೆಯಲ್ಲಿ ಆರು ಎಮ್ಮೆಗಳಿವೆ. ಕೆಲವು ವರ್ಷದ ಹಿಂದೆ ಒಂದು ಎಮ್ಮೆಕರು 25ನೇ ದಿನಕ್ಕೆ ಜೇಡಿಮಣ್ಣು ಕಲಸಿದಂಥ ಸಗಣಿ ಹಾಕಲು ಶುರು ಮಾಡಿತು. ಕೊಟ್ಟಿಗೆಯಲ್ಲಿ ನಿಲ್ಲಲಾಗದಷ್ಟು ನಾತ. ಹಾಲು ಜಾಸ್ತಿಯಾಗಿದೆ ಎಂದು ಎಲ್ಲರೂ ಹೇಳಿದರು, ನಾನೂ ನಂಬಿದೆ. ಹಾಲು ಅರ್ಧ ಮಾಡಿದೆ. ಕರು ಸೊರಗುತ್ತಾ ಹೋಯಿತು, ಹೊಟ್ಟೆ ಮಾತ್ರ ಡೊಳ್ಳಿನ ಹಾಗೆ ಊದಿತು. ಹತ್ತು ದಿನಕ್ಕೆ ಸತ್ತೇ ಹೋಯಿತು. ಡಾಕ್ಟರು ಹೊಟ್ಟೆ ಕೊಯ್ದು ತೋರಿಸಿದರು. ಕರುಳೊಳಗೆ ಬಿಳಿ ಹುಳುಗಳು ಹಗ್ಗ ಹೊಸೆದ ಹಾಗೆ ಸುತ್ತಿಕೊಂಡಿದ್ದವು. ಒಂದೊಂದೂ ಗೇಣುದ್ದ. ದಾರಿಯೇ ಕಟ್ಟಿಹೋಗಿತ್ತು.

ಇನ್ನೂ ಹುಲ್ಲಿಗೆ ಬಾಯಿ ಹಾಕದ ಕರು ಅದು. ಹುಳು ಬಂದದ್ದು ತಾಯಿಯಿಂದ. ಇದರ ಹೆಸರು ಟಾಕ್ಸೊಕಾರಾ. ಎಮ್ಮೆಕರುಗಳಿಗೆ ಇದರ ಕಾಟ ಜಾಸ್ತಿ. ಎಮ್ಮೆಯ ಮೈಯಲ್ಲಿ ಮರಿಹುಳುಗಳು ಸುಮ್ನೆ ಅಡಗಿರುತ್ತವೆ. ಈಯುವ ಹೊತ್ತಿಗೆ ಕೆಚ್ಚಲಿಗೆ ಬಂದು ಹಾಲಿನ ಜೊತೆ ಕರುವಿನ ಹೊಟ್ಟೆ ಸೇರುತ್ತವೆ. ಮೂರು ವಾರ ಕಳೆಯುವಷ್ಟರಲ್ಲಿ ದೊಡ್ಡದಾಗಿ ಮೊಟ್ಟೆ ಇಡುತ್ತವೆ.

ಹಾಗಂತ ಗಿಣ್ಣದ ಹಾಲು ತಪ್ಪಿಸಬೇಡಿ. ಕರುವಿಗೆ ರೋಗ ತಡೆಯುವ ಶಕ್ತಿ ಬರುವುದೇ ಅದರಿಂದ. ನಾನು ಹುಟ್ಟಿದ ಎರಡು ಗಂಟೆಯೊಳಗೆ ಕುಡಿಸುತ್ತೇನೆ. ಹಾಲು ಕೊಡಬೇಕು, ಹುಳುವಿಗೆ ಔಷಧಿಯನ್ನೂ ಕೊಡಬೇಕು.

ಈಗ ಕರು ಹುಟ್ಟಿದ ದಿನವನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆಯುತ್ತೇನೆ. ಹತ್ತನೇ ದಿನ ಡಾಕ್ಟರು ಬರೆದುಕೊಟ್ಟ ಪೈಪರಜಿನ್ ಎಂಬ ಜಂತಿನ ಔಷಧಿ. ಭೇದಿಯಾಗಲಿ ಎಂದು ಕಾಯುವುದಿಲ್ಲ. ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಸಾಮಾನ್ಯವಾಗಿ ಫೆನ್‌ಬೆಂಡಜೋಲ್. ಮೊದಲೆಲ್ಲ ಕಣ್ಣಂದಾಜಿನಲ್ಲಿ ಒಂದು ಮುಚ್ಚಳ ಕುಡಿಸಿಬಿಡುತ್ತಿದ್ದೆ. ಅದು ತಪ್ಪು, ಕಡಿಮೆಯಾದರೆ ಹುಳು ಸಾಯುವುದಿಲ್ಲ. ಫೆನ್‌ಬೆಂಡಜೋಲ್‌ಗೆ ನಮ್ಮ ಡಾಕ್ಟರು ಹೇಳಿದ ಲೆಕ್ಕ ಕರುವಿನ ತೂಕದ ಕೆಜಿಗೆ 7.5 ಮಿಲಿಗ್ರಾಂ. 40 ಕೆಜಿ ಕರುವಿಗೆ 300 ಮಿಲಿಗ್ರಾಂ, ಅಂದರೆ 2.5 ಪರ್ಸೆಂಟ್ ಔಷಧಿಯಲ್ಲಿ 12 ಎಂಎಲ್. ಬಾಟಲಿಯ ಮೇಲೆ ಪರ್ಸೆಂಟ್ ಬೇರೆ ಇದ್ದರೆ ಎಂಎಲ್ ಕೂಡ ಬೇರೆ. ಅದನ್ನು ಕೇಳಿಯೇ ಕೊಡಿ.

ಕುಡಿಸುವಾಗ ಕತ್ತು ತೀರಾ ಮೇಲೆತ್ತಬಾರದು. ಕರುವನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಬಾಯಿಯ ಮೂಲೆಗೆ ಹೆಬ್ಬೆರಳು ತೂರಿಸಿ, ಸೂಜಿ ತೆಗೆದ ಸಿರಿಂಜ್‌ನಿಂದ ಕೆನ್ನೆಯೊಳಗೆ ಸ್ವಲ್ಪ ಸ್ವಲ್ಪವೇ ಬಿಡುತ್ತೇನೆ. ಗುಟುಕು ಇಳಿದದ್ದು ಗಂಟಲ ಮೇಲೆ ಕೈಯಿಟ್ಟರೆ ಗೊತ್ತಾಗುತ್ತದೆ. ಕೆಮ್ಮಿದರೆ ತಕ್ಷಣ ಬಿಟ್ಟುಬಿಡಬೇಕು, ಶ್ವಾಸಕೋಶಕ್ಕೆ ಹೋದರೆ ಕರು ಉಳಿಯುವುದು ಕಷ್ಟ.

ಇನ್ನೊಂದು ಸಲ ಎರಡು ತಿಂಗಳ ಕರು ಮುಕ್ಕಿ ಮುಕ್ಕಿ ರಕ್ತ, ಲೋಳೆ ಹಾಕಿತು. ಜಂತಿನ ಔಷಧಿ ಎರಡು ಸಲ ಕೊಟ್ಟರೂ ನಿಲ್ಲಲಿಲ್ಲ. ಚಿಕ್ಕ ಡಬ್ಬಿಯಲ್ಲಿ ಬಿಸಿ ಸಗಣಿ ಒಯ್ದು ಪಶು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದಾಗ ಸಿಕ್ಕಿದ್ದು ಕಾಕ್ಸಿಡಿಯಾ. ಅದು ಹುಳುವೇ ಅಲ್ಲ, ಕಣ್ಣಿಗೆ ಕಾಣದ ಜೀವಿ. ಅದಕ್ಕೆಂದೇ ಇರುವ ಆಂಪ್ರೋಲಿಯಂ ಔಷಧಿ ಐದು ದಿನ ಕೊಟ್ಟ ಮೇಲೆ ನಿಂತಿತು. ಒದ್ದೆ ನೆಲ, ಇಕ್ಕಟ್ಟು ಜಾಗ ಕಾಕ್ಸಿಡಿಯಾಕ್ಕೆ ಇಷ್ಟ. ಅವತ್ತಿನಿಂದ ಕರುಗಳನ್ನು ದೊಡ್ಡ ಎಮ್ಮೆಗಳಿಂದ ದೂರ, ಬಿಸಿಲು ಬೀಳುವ ಮೂಲೆಯಲ್ಲಿ ಕಟ್ಟುತ್ತಿದ್ದೇನೆ. ಬೆಳಗ್ಗೆ ಮೊದಲ ಕೆಲಸ ಸಗಣಿ ಬಾಚಿ ದೂರದ ತಿಪ್ಪೆಗೆ ಹಾಕುವುದು, ಆಮೇಲೇ ಹಾಲು ಹಿಂಡುವುದು.