ತಲಪಾಡಿಯಿಂದ ಚೆಂಗಳ: ಚೌಕ ಬಿಟ್ಟು ದಾರಿ ಹಿಡಿದ ಸಿಮ್ಯುಲೇಶನ್

ಕಾಸರಗೋಡಿನಲ್ಲಿ ಹಾಯುವ ರಾಷ್ಟ್ರೀಯ ಹೆದ್ದಾರಿ 66ರ ತಲಪಾಡಿ–ಚೆಂಗಳ ತುಂಡು 39 ಕಿ.ಮೀ. ಅದರ ಮೇಲೆ 4,000 ವಾಹನ ಓಡಿಸುವ ಸಿಮ್ಯುಲೇಶನನ್ನು ನಾಲ್ಕು ಕಂಪ್ಯೂಟರುಗಳಿಗೆ ಹಂಚಿದ್ದೇನೆ. ಚೌಕಟ್ಟು ಎಚ್‌ಎಲ್‌ಎ, ಅಂದರೆ ಬೇರೆಬೇರೆ ಕಂಪ್ಯೂಟರಿನ ಸಿಮ್ಯುಲೇಶನುಗಳನ್ನು ಒಂದಾಗಿ ಓಡಿಸುವ ಐಇಇಇ 1516 ಮಾನಕ. ಪ್ರತಿ ವಾಹನಕ್ಕೆ ಎರಡು ವಲಯ: ತಾನಿರುವುದನ್ನು ಸಾರಲು ಒಂದು, ತನಗೆ ಕಾಣಬೇಕಾದಷ್ಟಕ್ಕೆ ಇನ್ನೊಂದು. ಒಬ್ಬರ ಸಾರುವ ವಲಯ ಇನ್ನೊಬ್ಬರ ನೋಡುವ ವಲಯಕ್ಕೆ ತಾಗಿದರೆ ಮಾತ್ರ ಸಂದೇಶ ಹೋಗಬೇಕು. ಎಲ್ಲದಕ್ಕೂ ಎಲ್ಲವನ್ನೂ ಹೋಲಿಸಿದರೆ ಸುತ್ತಿಗೆ 1.6 ಕೋಟಿ ಹೋಲಿಕೆ.

ಮೊದಲು ನಕಾಶೆಗೆ 1 ಕಿ.ಮೀ. ಚೌಕಗಳನ್ನು ಹಾಸಿ, ಚೌಕಕ್ಕೊಂದು ಮಲ್ಟಿಕಾಸ್ಟ್ ಗುಂಪು ಕೊಟ್ಟೆ: ಗುಂಪಿನ ವಿಳಾಸಕ್ಕೆ ಒಮ್ಮೆ ಕಳಿಸಿದರೆ ಅದಕ್ಕೆ ಸೇರಿದ ಕಂಪ್ಯೂಟರಿಗೆಲ್ಲ ತಲುಪುತ್ತದೆ. ನಮ್ಮ ನೆಲಕ್ಕೆ ಅದು ಒಗ್ಗದು. ಪಡುವಣಕ್ಕೆ ಕಡಲು, ಮೂಡಣಕ್ಕೆ ಗುಡ್ಡ, ಅಡಿಕೆ ತೋಟ. ವಾಹನವೆಲ್ಲ ಓರೆಯಾದ ಒಂದೇ ಗೆರೆಯ ಮೇಲೆ. ಹೆಚ್ಚಿನ ಚೌಕ ಖಾಲಿ, ಕುಂಬಳೆ ಪೇಟೆಯದ್ದು ಕಿಕ್ಕಿರಿದು ತುಂಬಿದ್ದು. ಅಂಚಿನಲ್ಲಿರುವ ವಾಹನ 200 ಮೀಟರ್ ನೋಡುವುದಕ್ಕೆ ಎರಡು ಚೌಕದ ಸುದ್ದಿ ಹೊರಬೇಕು. ಚೌಕ ಸಣ್ಣದಾಗಿಸಿದರೆ ಗುಂಪಿಗೆ ಸೇರುವ, ಬಿಡುವ ಗಲಾಟೆಯೇ ಜಾಸ್ತಿ.

ಹಾಗಾಗಿ ಒಂದೇ ಆಯಾಮ ಇಟ್ಟೆ: ತಲಪಾಡಿಯಿಂದ ದಾರಿಯಲ್ಲಿ ಎಷ್ಟು ಮೀಟರ್. 8,000 ವಲಯಕ್ಕೆ 16,000 ತುದಿ. ಅವನ್ನು ಏರಿಕೆಯಲ್ಲಿ ಜೋಡಿಸಿ ಒಮ್ಮೆ ಸಾಲು ಹಿಡಿದು ಹೋದರೆ ತಾಗುವ ಜೋಡಿಗಳೆಲ್ಲ ಸಿಗುತ್ತವೆ. ಮುಂದಿನ ಸುತ್ತಿಗೆ ವಾಹನ ಸರಿದಿರುವುದು ಸ್ವಲ್ಪವೇ, ಪಟ್ಟಿ ಬಹುಪಾಲು ಹಾಗೇ ಇರುತ್ತದೆ. ಒಂದೊಂದನ್ನೇ ಅದರ ಜಾಗಕ್ಕೆ ಸರಿಸುತ್ತಾ ಜೋಡಿಸುವ ಇನ್ಸರ್ಷನ್ ಸಾರ್ಟ್ ಸಾಕು. ದೊಡ್ಡ ಪಟ್ಟಿಗೆ ನಿಧಾನವೆಂದು ಹೆಸರಾದ ಅದೇ ಇಲ್ಲಿ ಗೆದ್ದಿತು.

ಮಲ್ಟಿಕಾಸ್ಟ್ ಗುಂಪನ್ನೂ ಜಾಗಕ್ಕಲ್ಲ, ಪಡೆಯುವ ಕಂಪ್ಯೂಟರುಗಳ ಕೂಟಕ್ಕೆ ಕಟ್ಟಿದೆ. ನಾಲ್ಕು ಯಂತ್ರಕ್ಕೆ ಆಗುವ ಕೂಟ 15. ಪ್ರತಿ ಯಂತ್ರ ತಾನಿರುವ ಕೂಟಗಳ ಗುಂಪಿಗೆಲ್ಲ ಶುರುವಿನಲ್ಲೇ ಸೇರಿಬಿಟ್ಟರೆ ಮತ್ತೆ ಸೇರು, ಬಿಡು ಇಲ್ಲ. ಯಂತ್ರ ಹತ್ತಾದರೆ 1,023 ಬೇಕು, ಆಗ ಈ ಉಪಾಯ ನಡೆಯದು.

ವಿಳಾಸ ಆರಿಸುವಾಗ ಜೋಪಾನ. ಐಪಿ ಮಲ್ಟಿಕಾಸ್ಟಿನ 28 ಬಿಟ್‌ಗಳಲ್ಲಿ 23 ಮಾತ್ರ ಈಥರ್ನೆಟ್ ವಿಳಾಸಕ್ಕೆ ಇಳಿಯುತ್ತವೆ, 239.1.1.1 ಮತ್ತು 239.129.1.1 ನೆಟ್‌ವರ್ಕ್ ಕಾರ್ಡಿಗೆ ಒಂದೇ. ಕೊನೆಯ ಚುಕ್ಕೆಯ ನಂತರದ ಸಂಖ್ಯೆ ಮಾತ್ರ ಬದಲಿಸುತ್ತಾ ಹೋಗಿ. ಸ್ವಿಚ್ಚಿನಲ್ಲಿ ಐಜಿಎಂಪಿ ಸ್ನೂಪಿಂಗ್ (ಗುಂಪಿಗೆ ಸೇರಿದವರಿಗೆ ಮಾತ್ರ ಸಂದೇಶ ಬಿಡುವ ಏರ್ಪಾಡು) ಹಾಕಿ, ಯಾರು ಇನ್ನೂ ಗುಂಪಿನಲ್ಲಿದ್ದಾರೆಂದು ಆಗಾಗ ಕೇಳುವ ಕ್ವೇರಿಯರ್ ಮರೆತರೆ ಎಲ್ಲ ಚೆನ್ನಾಗಿ ನಡೆದು ಸುಮಾರು 260 ಸೆಕೆಂಡಿಗೆ ಸಂದೇಶ ನಿಲ್ಲುತ್ತದೆ (ಕೇಳುವ ಅಂತರ 125 ಸೆಕೆಂಡಿನ ಎರಡರಷ್ಟು, ಮೇಲೆ ಉತ್ತರಕ್ಕೆ ಕಾಯುವ 10). ಕೋಡಿನಲ್ಲಿ ಎಷ್ಟು ಹುಡುಕಿದರೂ ಈ ದೋಷ ಸಿಗದು.

ವಲಯವನ್ನು 2 ಸೆಕೆಂಡಿಗೊಮ್ಮೆ ಬದಲಿಸುತ್ತೇನೆ. ಗಂಟೆಗೆ 80 ಕಿ.ಮೀ. ಓಡುವ ವಾಹನ ಅಷ್ಟರಲ್ಲಿ 45 ಮೀಟರ್ ಹೋಗಿರುತ್ತದೆ. ಅದಕ್ಕೆ ಸಾರುವ, ನೋಡುವ ಎರಡೂ ವಲಯವನ್ನು ಓಡುವ ದಿಕ್ಕಿಗೆ 45 ಮೀಟರ್ ಹಿಗ್ಗಿಸಬೇಕು. ಬಿಟ್ಟರೆ ಎದುರಿನ ಲಾರಿ ಮೂಗಿನ ಮುಂದೆ ಪ್ರತ್ಯಕ್ಷ.

ಹೆದ್ದಾರಿಯ ಅಂಕಿ 39,000 ಮೀಟರಿಗೆ ಮುಗಿಯುವುದರಿಂದ, ಕುಂಬಳೆಯಲ್ಲಿ ಕವಲೊಡೆಯುವ ಬದಿಯಡ್ಕ ರಸ್ತೆಗೆ ಅದೇ ಅಕ್ಷದಲ್ಲಿ 50,000ದಿಂದ ಮುಂದಿನ ಅಂಕಿ ಕೊಟ್ಟಿದ್ದೇನೆ. ಕುಂಬಳೆ ಜಂಕ್ಷನ್ ಹತ್ತಿರದ ವಾಹನಕ್ಕೆ ಎರಡೂ ರಸ್ತೆಯಲ್ಲಿ ವಲಯ ಇರಬೇಕು. ಇಲ್ಲದಿದ್ದರೆ ತಿರುಗುವ ಬಸ್ಸು ಹೆದ್ದಾರಿಯವರಿಗೆ ಕಾಣುವುದೇ ಇಲ್ಲ. ವಲಯದ ಗಡಿ ಬದಲಿಸಿದ ಮೇಲೆ, ಬದಲಾವಣೆಯನ್ನು ಜಾರಿಗೆ ತರುವ ಕಮಿಟ್ ಆದೇಶ ಕರೆಯದಿದ್ದರೆ ಹಳೆಯ ವಲಯವೇ ಉಳಿಯುತ್ತದೆ, ಯಾವ ಎರರ್ ಕೂಡ ಬರುವುದಿಲ್ಲ.