ತಲೆಪೆಟ್ಟು, ಮಂಡಿಪೆಟ್ಟು: ಕಬಡ್ಡಿ ಅಂಕಣಕ್ಕೆ ಮರಳುವುದು ಹೇಗೆ?

ತಲೆಗೆ ಪೆಟ್ಟು ಬಿದ್ದು ಆಟಗಾರ ಅರೆಕ್ಷಣ ಮಂಕಾದರೂ ಅವತ್ತಿನ ಆಟ ಅಲ್ಲಿಗೆ ಮುಗಿಯಿತು. ಪದೇಪದೇ ವಾಂತಿ, ಏರುತ್ತಿರುವ ತಲೆನೋವು, ಫಿಟ್ಸ್, ತೊದಲು ಮಾತು ಕಂಡರೆ ತಕ್ಷಣ ಆಸ್ಪತ್ರೆಗೆ. ಸ್ಕ್ಯಾನ್ ನಾರ್ಮಲ್ ಬಂದಿತೆಂದು ನಿರಾಳವಾಗಬೇಡಿ, ಕನ್ಕಶನ್ (ಪೆಟ್ಟಿಗೆ ಮಿದುಳು ಅಲುಗಿ ಅದರ ಕೆಲಸ ಏರುಪೇರಾಗುವುದು) ಅದರಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಮೊದಲ 24-48 ಗಂಟೆ ವಿಶ್ರಾಂತಿ, ಮೊಬೈಲ್ ಆದಷ್ಟು ಕಡಿಮೆ. ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸುವುದು ಹಳೆಯ ಪದ್ಧತಿ. ಹಗುರ ನಡಿಗೆ ಬೇಗನೆ ಶುರುವಾಗಲಿ. ಆಮೇಲೆ ಸೈಕಲ್, ಓಟ, ಒಬ್ಬರೇ ರೈಡ್ ಅಭ್ಯಾಸ. ಒಂದೊಂದು ಹಂತಕ್ಕೂ ಕನಿಷ್ಠ 24 ಗಂಟೆ ಕೊಡಿ. 10ರ ಅಳತೆಯಲ್ಲಿ ತಲೆನೋವು ಮೊದಲಿದ್ದುದಕ್ಕಿಂತ 2 ಅಂಕಕ್ಕೂ ಹೆಚ್ಚು ಏರಿದರೆ ನಿಲ್ಲಿಸಿ, ಮರುದಿನ ನೋಡಿ. ಟ್ಯಾಕಲ್ ಅಭ್ಯಾಸ ಮಾತ್ರ ಲಕ್ಷಣಗಳೆಲ್ಲ ಹೋಗಿ, ವೈದ್ಯರು ಒಪ್ಪಿದ ಮೇಲೆಯೇ.

ಮಂಡಿಯ ಎಸಿಎಲ್ (ತೊಡೆಮೂಳೆಯನ್ನೂ ಮೊಣಕಾಲ ಕೆಳಗಿನ ಮೂಳೆಯನ್ನೂ ಹಿಡಿದಿಡುವ ನಾರು) ಹರಿದು ಆಪರೇಷನ್ ಆದರೆ ಲೆಕ್ಕ ತಿಂಗಳುಗಳದ್ದು. ಮೊದಲ ವಾರಗಳ ಕೆಲಸ ಬಾವು ಇಳಿಸಿ ಕಾಲನ್ನು ಪೂರ್ತಿ ನೇರ ಮಾಡುವುದು. ಟವೆಲ್ ಸುತ್ತಿ ಹಿಮ್ಮಡಿಯ ಕೆಳಗಿಟ್ಟು ತೊಡೆ ಬಿಗಿಮಾಡಿ. ಹಾಯೆನಿಸುತ್ತದೆಂದು ಮಂಡಿಯ ಕೆಳಗೆ ದಿಂಬಿಟ್ಟರೆ ಕಾಲು ಬಾಗಿಯೇ ಉಳಿಯುವ ಅಪಾಯವಿದೆ. ನಾಲ್ಕೈದು ತಿಂಗಳಿಗೆ ನೋವು ಮಾಯವಾಗಬಹುದು, ಆದರೆ ಕಸಿ ಮಾಡಿದ ನಾರು ಇನ್ನೂ ಮಾಗಿರುವುದಿಲ್ಲ. ಮತ್ತೆ ಹರಿಯುವ ಭಯ ಇರುವುದೇ ಇಲ್ಲಿ. ಕನಿಷ್ಠ 9 ತಿಂಗಳು ಕಳೆದು, ತೊಡೆಯ ಬಲವೂ ಒಂಟಿಕಾಲ ಜಿಗಿತವೂ ಇನ್ನೊಂದು ಕಾಲಿನ ಶೇ. 90ರಷ್ಟಾದರೂ ಬಂದ ಮೇಲೆ ಅಂಕಣಕ್ಕಿಳಿಯಿರಿ.